ಕಾಣದ ಗೋಡೆಗೆ ಎರಡು ಕೋಟ್

ಸೀನು ಬರುವುದಕ್ಕೆ ಮುಂಚೆ ಕನ್ನಡಿ ಮೇಸ್ತ್ರಿಯ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಬಾಯಿ ಅರ್ಧ ತೆರೆದು, ಗಲ್ಲ ಮೇಲಕ್ಕೇರಿ, ಮರೆತ ಮಾತೊಂದನ್ನು ನೆನಪಿಸಿಕೊಳ್ಳುವವನ ಹಾಗೆ ಅವನು ಸೂರು ನೋಡುತ್ತ ನಿಲ್ಲುತ್ತಿದ್ದ. ಆ ಫರ್ನಿಚರ್ ಕಾರ್ಖಾನೆಯಲ್ಲಿ ಈ ಮುನ್ಸೂಚನೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಕಣ್ಣು ಮುಚ್ಚಿತೆಂದರೆ ಸುತ್ತ ಇದ್ದವರು ಚಹಾದ ಲೋಟದ ಮೇಲೆ ಅಂಗೈ ಇಟ್ಟುಕೊಂಡು ಕಾಯುತ್ತಿದ್ದರು. ಒಂದು ಸೀನು ಬಂದರೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಅದರ ಬೆನ್ನಿಗೆ ಅಣ್ಣತಮ್ಮಂದಿರೆಲ್ಲ ಸಾಲಾಗಿ ಬರುತ್ತಿದ್ದರು.

ಮೇಸ್ತ್ರಿಯ ಕೆಲಸ ಮರದ ಮೇಲೆ ಕೊನೆಯ ಬಣ್ಣ ಹೊಡೆಯುವುದು. ಅದೂ ಬ್ರಷ್ಷಿನಲ್ಲಲ್ಲ, ಸ್ಪ್ರೇ ಗನ್ನಿನಲ್ಲಿ. ಅವನ ಕೈಯಿಂದ ಹೊರಬಿದ್ದ ಬೀರುವಿನ ಬಾಗಿಲಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಯಾವುದೋ ಕಾಲದಲ್ಲಿ ಯಾರೋ ಅಂದಿದ್ದರು. ಅಂದಿನಿಂದ ಅವನು ಕನ್ನಡಿ ಮೇಸ್ತ್ರಿ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕಿವಿಗೆ ಬೀಳುತ್ತಿತ್ತು.

ಆ ಕೈಗೇ ಈಗ ಸಂಚಕಾರ ಬಂದಿತ್ತು. ಹೋದ ತಿಂಗಳು ಬೀರುವಿನ ಬಾಗಿಲೊಂದಕ್ಕೆ ಕೊನೆಯ ಕೋಟ್ ಹೊಡೆಯುತ್ತಿದ್ದಾಗ ಮುಖಕ್ಕೆ ಬಿಗಿದುಕೊಂಡ ಮಾಸ್ಕಿನ ಒಳಗೇ ಸೀನು ಸಿಡಿಯಿತು. ಕೈ ಅಲುಗಿತು, ಗನ್ನು ಒಂದೇ ಜಾಗದಲ್ಲಿ ತಡೆದು ನಿಂತಿತು, ಬಣ್ಣ ಅಲ್ಲೇ ದಪ್ಪಗೆ ಕೂತು ಕಣ್ಣೀರಿನ ಹಾಗೆ ಕೆಳಗಿಳಿಯಿತು. ಒಣಗಿಸಿ, ಉಜ್ಜಿ, ಮತ್ತೆ ಹೊಡೆದದ್ದಾಯಿತು. ಎರಡನೆಯ ಸಲವೂ ಅದೇ ಹಾಡು.

"ಬೈಯ್ತಾ ಇಲ್ಲ ಮೇಸ್ತ್ರಿ," ಎಂದರು ಯಜಮಾನರು, ಬೈಯುವವರ ಮುಖ ಮಾಡಿಕೊಂಡೇ. "ಆದ್ರೆ ಮುಂದೆ ಬರೋದು ಆಫೀಸಿನ ಮೀಟಿಂಗ್ ಟೇಬಲ್ಲು. ಕಪ್ಪು ಬಣ್ಣ. ಈ ಗೋಡೆಯಿಂದ ಆ ಗೋಡೆವರೆಗೂ ಒಂದೇ ಹಲಗೆ. ಅದರ ಮೇಲೆ ಸೊಳ್ಳೆ ಕೂತು ಎದ್ದು ಹೋದ್ರೂ ಗೊತ್ತಾಗತ್ತೆ. ಅಷ್ಟೊತ್ತಿಗೆ ನಿನ್ನ ಮೂಗು ನೆಟ್ಟಗಾದ್ರೆ ಗನ್ನು ನಿಂದೇ. ಇಲ್ಲಾಂದ್ರೆ ಗನ್ನು ಇವನಿಗೆ, ನೀನು ಆಚೆ ಕೋಣೆಗೆ."

ಇವನು ಎಂದರೆ ಯಜಮಾನರ ಹೆಂಡತಿಯ ತಮ್ಮ. ಕಾರ್ಖಾನೆಯಲ್ಲಿ ಅವನನ್ನು ಗಡಿಬಿಡಿ ಎನ್ನುತ್ತಿದ್ದರು. ಒಣಗುವುದಕ್ಕೆ ಮುಂಚೆ ಮುಟ್ಟಿ ನೋಡುವ ಅಭ್ಯಾಸ ಅವನದು. ಅವನು ಹೊಡೆದ ಬಣ್ಣದಲ್ಲಿ ಎಲ್ಲಾದರೊಂದು ಕಡೆ ಅವನ ಹೆಬ್ಬೆಟ್ಟು ಇದ್ದೇ ಇರುತ್ತಿತ್ತು. ಆಚೆ ಕೋಣೆ ಎಂದರೆ ಮರ ಉಜ್ಜುವ ಕೋಣೆ. ದಿನವಿಡೀ ಉಜ್ಜುವ ಯಂತ್ರ ಹಿಡಿದು ಹಲಗೆ ನುಣುಪು ಮಾಡುವ ಜಾಗ; ಹಿಟ್ಟಿನಂಥ ಧೂಳು ಹುಬ್ಬಿನ ಮೇಲೂ ಕೂರುವ ಜಾಗ. ಸೀನುವವನನ್ನು ಸೀನಿನ ತವರುಮನೆಗೇ ಕಳಿಸುವ ಮಾತು ಇದು. ಮೇಸ್ತ್ರಿ ಏನೋ ಹೇಳಲು ಬಾಯಿ ತೆರೆದ. ಎಡಗಣ್ಣು ಮುಚ್ಚಿಕೊಂಡಿತು.

"ನೋಡು, ನೋಡು," ಎಂದು ಯಜಮಾನರು ಚಹಾದ ಲೋಟ ಎತ್ತಿಕೊಂಡು ಎದ್ದುಹೋದರು.

ಹೆಂಡತಿಯ ಒತ್ತಾಯಕ್ಕೆ ಅವನು ಡಾಕ್ಟರ ಹತ್ತಿರ ಹೋದ. ಅವರು ಮೂಗಿಗೆ ಬೆಳಕು ಬಿಟ್ಟು ನೋಡಿ, ಕೆಲಸ ಕೇಳಿ, ಧೂಳಿನ ಅಲರ್ಜಿ ಎಂದರು. ಒಂದು ಪುಟ್ಟ ಬಾಟಲಿ ಬರೆದುಕೊಟ್ಟರು.

"ಇದು ಮೂಗಿಗೆ ಸ್ಪ್ರೇ ಮಾಡ್ಕೊಳ್ಳೋ ಸ್ಟಿರಾಯ್ಡ್. ದಿನಕ್ಕೆ ಒಂದು ಹೊತ್ತು, ಒಂದೊಂದು ಹೊಳ್ಳೆಗೆ ಎರಡೆರಡು ಸಲ. ಸ್ಪ್ರೇ ಮಾಡೋ ರೀತಿ ಗೊತ್ತಾ, ಇಲ್ಲಾ ಹೊರಗಡೆ ಸಿಸ್ಟರ್ ತೋರಿಸ್ಬೇಕಾ?"

ಮೇಸ್ತ್ರಿಗೆ ನಗು ಬಂತು. "ಸ್ಪ್ರೇ ಮಾಡೋದೇ ನನ್ನ ಕಸುಬು ಡಾಕ್ಟ್ರೇ."

ಔಷಧಿ ಅಂಗಡಿಯವನೂ ಅದನ್ನೇ ಕೇಳಿದ. ಅವನಿಗೂ ಅದೇ ಉತ್ತರ. ಊರಿನ ಅರ್ಧ ಬಾಗಿಲುಗಳಿಗೆ ಬಣ್ಣ ಹೊಡೆದವನಿಗೆ ಹೆಬ್ಬೆರಳು ಗಾತ್ರದ ಬಾಟಲಿ ಯಾವ ಲೆಕ್ಕ?

ಮನೆಯಲ್ಲಿ ಬಾಟಲಿಗಿಂತ ಹೆಚ್ಚು ಸದ್ದು ಮಾಡಿದ್ದು ಅದರ ಜೊತೆ ಬಂದ ಚೀಟಿ. ಬಿಡಿಸುತ್ತ ಹೋದರೆ ಊಟದ ಟೇಬಲ್ ತುಂಬುವಷ್ಟು ದೊಡ್ಡದು, ಅಕ್ಷರ ಮಾತ್ರ ಸಾಸಿವೆಗಿಂತ ಚಿಕ್ಕದು. ಅಂಗಡಿಯೊಂದರಲ್ಲಿ ಬಿಲ್ ಹಾಕುವ ಕೆಲಸದಲ್ಲಿದ್ದ ಹೆಂಡತಿ ಇಡೀ ದಿನ ಅಂಕಿ ನೋಡಿ ದಣಿದ ಕಣ್ಣನ್ನು ಕಿರಿದು ಮಾಡಿ ಎರಡು ಸಾಲು ಓದಿದಳು, ಸಾಕೆಂದಳು. ಮಗಳು ಅದನ್ನು ಮತ್ತೆ ಮೊದಲಿನಂತೆ ಮಡಚಲು ಹೋಗಿ ಸೋತಳು. ಕೊನೆಗೆ ಅತ್ತೆ, ಅಂದರೆ ಹೆಂಡತಿಯ ತಾಯಿ, ಅದನ್ನು ತಮಗೆ ತೋಚಿದ ಹಾಗೆ ಮಡಚಿ ಅಡುಗೆಮನೆಯ ಡಬ್ಬಿಯೊಂದರ ಕೆಳಗೆ ಹಾಸಿಬಿಟ್ಟರು.

"ಸ್ಟಿರಾಯ್ಡಾ?" ಎಂದರು ಅತ್ತೆ. "ಎದುರುಮನೆಯವರ ಷಡ್ಡಕನಿಗೆ ಅದನ್ನೇ ಕೊಟ್ಟು ಮುಖ ಊದಿಹೋಗಿತ್ತಂತೆ."

"ಅದು ಮಾತ್ರೆ ಅಮ್ಮ, ಇದು ಮೂಗಿಗೆ," ಎಂದಳು ಹೆಂಡತಿ.

"ಮೂಗೇನು ಮುಖದಲ್ಲಿಲ್ವಾ?"

ಮೇಸ್ತ್ರಿಯ ತಲೆಯೊಳಗೆ ಮೊದಲ ಹುಳ ಬಿದ್ದದ್ದು ಆಗ.

ಆದರೂ ಮರುದಿನ ಬೆಳಗ್ಗೆ ಅವನು ಕೆಲಸ ಶುರುಮಾಡಿದ. ಕೆಲಸವೆಂದರೆ ಕೆಲಸವೇ. ಗನ್ನನ್ನು ಹೇಗೆ ಹಿಡಿಯುತ್ತಿದ್ದನೋ ಹಾಗೆ ಬಾಟಲಿಯನ್ನು ಹಿಡಿದ. ಚೆನ್ನಾಗಿ ಕುಲುಕಿದ. ರಟ್ಟಿನ ಚೂರೊಂದರ ಮೇಲೆ ಒಂದೆರಡು ಸಲ ಹೊಡೆದು ಮಂಜು ಸಮನಾಗಿ ಬೀಳುತ್ತದೆಯೇ ಎಂದು ಪರೀಕ್ಷಿಸಿದ. ಇದನ್ನು ಅವನು ಪ್ರತಿದಿನವೂ ಮಾಡಿದ. ಔಷಧದಲ್ಲಿ ಒಂದು ಪಾಲು ರಟ್ಟಿಗೇ ಹೋಯಿತು. ಆಮೇಲೆ ಗೋಡೆ ಯಾವುದೆಂದು ಹುಡುಕಿದ. ಬಣ್ಣ ಹೊಡೆಯುವವನ ಮೊದಲ ಪಾಠವೆಂದರೆ ನಾಝಲ್, ಅಂದರೆ ಗನ್ನಿನ ಮೂತಿ, ಯಾವಾಗಲೂ ಗೋಡೆಗೆ ನೇರ ಎದುರಾಗಿರಬೇಕು, ಓರೆಯಾದರೆ ಬಣ್ಣ ಕೂರುವುದಿಲ್ಲ. ಮೂಗಿನಲ್ಲಿ ಬೆರಳಿಗೆ ಗಟ್ಟಿಯಾಗಿ ಸಿಗುವ ಗೋಡೆ ಒಂದೇ, ಎರಡು ಹೊಳ್ಳೆಯ ನಡುವಿನದು. ಬಲಗೈಯಲ್ಲಿ ಬಾಟಲಿ ಹಿಡಿದು ಬಲಹೊಳ್ಳೆಯಲ್ಲಿ ಇಟ್ಟರೆ ತುದಿ ತಾನಾಗಿ ಆ ನಡುಗೋಡೆಗೇ ತಿರುಗುತ್ತಿತ್ತು. ಎಷ್ಟು ಅನುಕೂಲ ಎಂದುಕೊಂಡ. ತಲೆಯನ್ನು ಹಿಂದಕ್ಕೆ ಚೆಲ್ಲಿ, ಬಣ್ಣ ಇಳಿಯಬಾರದಲ್ಲ, ಮೊದಲನೆಯದನ್ನು ಹೊಡೆದ. ಅದು ಒಣಗಲಿ ಎಂದು ಹಲ್ಲುಜ್ಜಿ, ಸ್ನಾನ ಮಾಡಿ ಬಂದು ಎರಡನೆಯ ಕೋಟ್ ಹೊಡೆದ. ಗಂಟಲಲ್ಲಿ ಕಹಿಯಾದದ್ದು ಇಳಿಯಿತು. ನುಂಗಿಕೊಂಡ.

"ಅಪ್ಪ, ಇನ್ನೂ ಎಷ್ಟು ಹೊತ್ತು ಮೇಲೆ ನೋಡ್ತೀಯ? ನಂಗೆ ಕನ್ನಡಿ ಬೇಕು," ಎಂದು ಮಗಳು ಬಾತ್‌ರೂಮಿನ ಬಾಗಿಲು ತಟ್ಟಿದಳು.

"ಒಣಗ್ತಾ ಇದೆ ತಾಳು."

ಏನೂ ಆಗಲಿಲ್ಲ. ಆ ದಿನವೂ ಸೀನು, ಮರುದಿನವೂ ಸೀನು. ಒಂದು ಬಾಗಿಲಿಗೆ ಕೋಟ್ ಹೊಡೆದರೆ ಹೊಡೆದ ಗಳಿಗೆಯಲ್ಲೇ ಹೊಳಪು ಕಾಣುತ್ತದೆ. ಇಲ್ಲಿ ಏನು ಕಾಣುವುದು? ಹೊಡೆದದ್ದು ಕೂತಿತೋ, ಜಾರಿತೋ, ಹೊಟ್ಟೆಗೆ ಹೋಯಿತೋ, ಯಾವುದಕ್ಕೂ ಗುರುತಿಲ್ಲ. ಗೋಡೆ ಹಿಡಿಯುತ್ತಿಲ್ಲವೆಂದು ಸಂಜೆಯೂ ಒಂದು ಸುತ್ತು ಹೊಡೆಯಲು ಶುರುಮಾಡಿದ. ಒಂದು ದಿನ ಬಾಟಲಿಯ ತುದಿಯಲ್ಲಿ ಬಿಳಿ ಪುಡಿ ಕಟ್ಟಿ ಮಂಜು ಸಣ್ಣಗಾದಾಗ ಅವನಿಗೆ ಎಲ್ಲ ಅರ್ಥವಾದಂತಾಯಿತು. ನಾಝಲ್ ಕಟ್ಟಿಕೊಂಡಿದೆ, ಇನ್ನೇನು? ಗನ್ನಿನ ನಾಝಲ್ ಬಿಡಿಸಲು ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಸೂಜಿ ಇರುತ್ತಿತ್ತು. ಅದನ್ನು ತುದಿಗೆ ಚುಚ್ಚಿ ತಿರುಗಿಸಿದ. ಆಮೇಲೆ ಔಷಧ ಮಂಜಾಗಿ ಬರಲಿಲ್ಲ, ಪಿಚಕಾರಿಯ ಹಾಗೆ ಒಂದೇ ಗೆರೆಯಾಗಿ ಬಂತು. ಜೋರು ಬರುತ್ತಿದೆ ಎಂದು ಅವನಿಗೆ ಖುಷಿಯಾಯಿತು.

ಟೇಬಲ್ಲು ಬಂತು. ನಾಲ್ಕು ಜನ ಹೊತ್ತು ತಂದು ಮರದ ಸ್ಟ್ಯಾಂಡುಗಳ ಮೇಲೆ ಮಲಗಿಸಿದರು. ಮೊದಲು ಬೂದುಬಿಳಿಯ ಪ್ರೈಮರ್, ಅಂದರೆ ಅಡಿಬಣ್ಣ, ಹೊಡೆದು ಒಣಗಿಸಿದ್ದಾಗಿತ್ತು. ಮೇಸ್ತ್ರಿ ಬಗ್ಗಿ, ಕೆನ್ನೆಯನ್ನು ಹಲಗೆಯ ಮಟ್ಟಕ್ಕೆ ತಂದು, ಎಲ್ಲಾದರೂ ತಗ್ಗುಂಟೇ ಎಂದು ಬೆಳಕಿಗೆ ಎದುರಾಗಿ ನೋಡುತ್ತಿದ್ದ. ಟಪ್ ಎಂದು ಏನೋ ಬಿತ್ತು. ಬೂದುಬಿಳಿಯ ಮೇಲೆ ಕೆಂಪು ಚುಕ್ಕೆ. ಇನ್ನೊಂದು ಬಿತ್ತು. ಬಣ್ಣದ ಡಬ್ಬಿ ಯಾರು ತೆರೆದಿಟ್ಟರು ಎಂದು ಅವನು ಮೊದಲು ಮೇಲೆ ನೋಡಿದ. ಆಮೇಲೆ ಮೀಸೆ ಬೆಚ್ಚಗಾಯಿತು.

"ಮೇಸ್ತ್ರಿ, ನಿಮ್ಮ ಮೂಗು," ಎಂದ ಗಡಿಬಿಡಿ, ತನ್ನ ಮೂಗು ಹಿಡಿದುಕೊಂಡು.

ಯಜಮಾನರು ಬಂದು ಚುಕ್ಕೆಯನ್ನು ನೋಡಿದರು, ಮೇಸ್ತ್ರಿಯನ್ನು ನೋಡಿದರು. "ಇಷ್ಟು ದಿನ ಸೀನು, ಈಗ ರಕ್ತ. ನಾಳೆ ಏನು ಬೀಳ್ಸ್ತೀಯ ಇದರ ಮೇಲೆ?" ಅಂದರೂ, ಬಟ್ಟೆ ತಂದುಕೊಟ್ಟದ್ದು ಅವರೇ.

ಅಂದಿನಿಂದ ಮೇಸ್ತ್ರಿ ಬಾಟಲಿ ಮುಟ್ಟಲಿಲ್ಲ. ಅತ್ತೆಯ ಮಾತೇ ನಿಜವಿರಬೇಕು. ಮುಖ ಊದುವುದಕ್ಕೆ ಮೊದಲು ರಕ್ತ ಬರುತ್ತದೇನೋ. ಬೆಳಗ್ಗೆ ಎದ್ದು ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಊದಿದಂತೆಯೂ ಇತ್ತು, ಊದದಂತೆಯೂ ಇತ್ತು.

ಗಡಿಬಿಡಿ ಅವನ ಕಷ್ಟ ನೋಡಲಾಗದೆ ತನ್ನ ಜೇಬಿನಿಂದ ಇನ್ನೊಂದು ಬಾಟಲಿ ತೆಗೆದ. "ಅದನ್ನ ಬಿಸಾಕಿ ಮೇಸ್ತ್ರಿ. ಇದು ನೋಡಿ, ಮೂಗು ಕಟ್ಟಿದಾಗ ನಾನು ಹಾಕ್ಕೊಳ್ಳೋ ಡ್ರಾಪ್ಸು. ಎರಡು ಹನಿ ಬಿಟ್ರೆ ಅಲ್ಲೇ ಬಾಗಿಲು ತೆಗೆಯತ್ತೆ. ನಂಗೂ ಆ ಟೇಬಲ್ಲು ಬೇಡ. ಅದಕ್ಕೇನಾದ್ರೂ ಆದ್ರೆ ಭಾವ ನನ್ನನ್ನ ಮನೆಗೂ ಸೇರ್ಸಲ್ಲ, ಅಕ್ಕ ಊಟಾನೂ ಹಾಕಲ್ಲ."

ಮೇಸ್ತ್ರಿ ಎರಡು ಹನಿ ಬಿಟ್ಟುಕೊಂಡ. ಮೂಗು ಬಾಗಿಲು ತೆರೆದ ಹಾಗೆ ತೆರೆಯಿತು. ಇಂಥ ಮದ್ದು ಬಿಟ್ಟು ಆ ಕಹಿ ನೀರನ್ನು ನುಂಗಿದೆನಲ್ಲ ಎಂದು ಅವನಿಗೆ ತನ್ನ ಮೇಲೇ ಕೋಪ ಬಂತು. ವಾರ ಕಳೆಯುವಷ್ಟರಲ್ಲಿ ಹನಿಯ ಗುಣ ಬೇಗ ಬೇಗ ಇಳಿಯತೊಡಗಿತು. ಇಳಿದ ಮೇಲೆ ಮೂಗು ಮೊದಲಿಗಿಂತ ಗಟ್ಟಿಯಾಗಿ ಮುಚ್ಚುತ್ತಿತ್ತು. ಸೀನಂತೂ ಇದ್ದೇ ಇತ್ತು. ಬಾಯಲ್ಲಿ ಉಸಿರಾಡುತ್ತ, ಜೇಬಿನಲ್ಲಿ ಬಾಟಲಿ ಇಲ್ಲದೆ ಮನೆಯಿಂದ ಹೊರಡಲಾಗದೆ, ಮೇಸ್ತ್ರಿ ಮಂಕಾಗಿಬಿಟ್ಟ. ಡಾಕ್ಟರದ್ದು ರಕ್ತ ತರಿಸುತ್ತದೆ, ಗಡಿಬಿಡಿಯದ್ದು ಮೂಗು ಮುಚ್ಚಿಸುತ್ತದೆ. ಮದ್ದು ಹಾಕಿದರೂ ಕಾಯಿಲೆ, ಬಿಟ್ಟರೂ ಕಾಯಿಲೆ. ಯಾವುದು ಯಾವುದರಿಂದ ಆಯಿತು ಎಂದು ಎಳೆ ಹಿಡಿದು ಹೋದರೆ ಎಲ್ಲ ಎಳೆಯೂ ಸುತ್ತಿಕೊಂಡು ಗಂಟಾಗುತ್ತಿತ್ತು.

ರಜೆಯ ದಿನ ತಿಂಡಿಗೆ ಕೂತಾಗ ಅವನು ಎರಡೂ ಬಾಟಲಿಗಳನ್ನು ತಟ್ಟೆಯ ಪಕ್ಕ ಇಟ್ಟುಕೊಂಡು ದಿಟ್ಟಿಸುತ್ತಿದ್ದ.

"ಎರಡನ್ನೂ ಬಿಟ್ಟು ಬಿಸಿನೀರಿನ ಹಬೆ ತಗೊಳ್ಳಪ್ಪ," ಎಂದರು ಅತ್ತೆ.

"ಅಜ್ಜಿ, ನಂಗೂ ಸೀನು ಬರ್ತಿದೆ," ಎಂದಳು ಮಗಳು.

"ಹಾಗಾದ್ರೆ ಅವಳಿಗೂ ಒಂದು ಹೊಡಿ, ಹೇಗೂ ತಂದಿದೀಯ."

"ಈಗ ತಾನೆ ಬಿಡು ಅಂದ್ರಲ್ಲ ಅತ್ತೆ?"

"ನಿಂಗೆ ಬಿಡು ಅಂದೆ. ಮಗೂಗೆ ಬಿಡು ಅಂದ್ನಾ?"

ಹೆಂಡತಿ ಎರಡೂ ಬಾಟಲಿಗಳನ್ನು ಕಸಿದು ತನ್ನ ಕೈಚೀಲಕ್ಕೆ ಹಾಕಿದಳು. "ಯಾರೂ ಯಾರಿಗೂ ಹೊಡೀಬೇಡಿ. ನಾಳೆ ನಾನೇ ರಜೆ ಹಾಕಿ ಕರ್ಕೊಂಡು ಹೋಗ್ತೀನಿ. ಹೋದ ಸಲ ಏನ್ ಹೇಳಿದ್ರು ಅಂತ ಕೇಳಿದ್ರೆ ಸ್ಪ್ರೇ ಮಾಡು ಅಂದ್ರು ಅಂತೀರ. ಇನ್ನೇನಾದ್ರೂ ಹೇಳಿರ್ತಾರೆ, ನಿಮ್ಮ ಕಿವಿಗೆ ಬಿದ್ದಿರಲ್ಲ."

ಡಾಕ್ಟರು ಮತ್ತೆ ಮೂಗಿಗೆ ಬೆಳಕು ಬಿಟ್ಟರು. ಈ ಸಲ ಹುಬ್ಬು ಗಂಟಾಯಿತು. "ನಡುಗೋಡೆ ಎರಡೂ ಕಡೆ ತರಚಿದೆಯಲ್ಲ. ಏನ್ ಮಾಡಿದ್ರಿ?" ಅವನ ಉತ್ತರ ಕೇಳದೆಯೇ ಹೊರಗಿನ ಸಿಸ್ಟರನ್ನು ಕರೆದರು. ನರೆ ಬಂದ ಕೂದಲನ್ನು ಬಿಗಿಯಾಗಿ ಕಟ್ಟಿದ್ದ ಆಕೆ ಅವನನ್ನು ಪಕ್ಕದ ಕೋಣೆಯ ಸ್ಟೂಲಿನ ಮೇಲೆ ಕೂರಿಸಿ, ಖಾಲಿ ಬಾಟಲಿಯೊಂದನ್ನು ಕೈಗೆ ಕೊಟ್ಟರು.

"ಮನೇಲಿ ಹೇಗೆ ಹಾಕ್ಕೊಳ್ತಿದ್ರಿ, ಹಾಗೇ ಮಾಡಿ ತೋರಿಸಿ."

ಮೇಸ್ತ್ರಿ ಎದೆಯುಬ್ಬಿಸಿ ಕೂತ. ಕುಲುಕಿದ. ಗಾಳಿಗೆ ಹೊಡೆದು ಪರೀಕ್ಷಿಸಿದ. ತಲೆ ಹಿಂದಕ್ಕೆ ಚೆಲ್ಲಿ, ಬಲಗೈಯಿಂದ ಬಲಹೊಳ್ಳೆಗೆ ತುದಿ ಸೇರಿಸಿ, ನಡುಗೋಡೆಗೆ ನೇರ ಎದುರಾಗಿ ಹಿಡಿದ. "ಇಲ್ಲಿ ಒಂದು ಕೋಟ್. ಆಮೇಲೆ ಒಣಗೋಕೆ ಬಿಟ್ಟು ಇನ್ನೊಂದು."

"ಒಣಗೋಕಾ?" ಸಿಸ್ಟರ್ ಹೆಂಡತಿಯ ಕಡೆ ನೋಡಿದರು.

"ಇವರು ಬೀರುಗೆ ಬಣ್ಣ ಹೊಡೀತಾರೆ ಸಿಸ್ಟರ್," ಎಂದಳು ಹೆಂಡತಿ, ನಾಚಿಕೆಯಿಂದ ಸಣ್ಣಗಾಗಿ. "ಇದನ್ನೂ ಸೂಜೀಲಿ ಚುಚ್ಚಿ ಕ್ಲೀನ್ ಮಾಡಿದಾರೆ. ನಾನೇ ನೋಡಿದೀನಿ."

ಸಿಸ್ಟರ್ ಆ ಹಳೆಯ ಬಾಟಲಿಯನ್ನು ತೆಗೆದುಕೊಂಡು ಬೇಸಿನ್ನಿಗೆ ಒಂದು ಸಲ ಒತ್ತಿದರು. ಗೆರೆ ಹಾರಿ ಎದುರಿನ ಟೈಲ್ಸಿಗೆ ಬಡಿಯಿತು. ಅವರ ಬಾಯಿ ಬಿಗಿದುಕೊಂಡಿತು, ಭುಜ ಮಾತ್ರ ಕುಣಿಯಿತು. ನಗು ಇಳಿದ ಮೇಲೆ ಹೇಳಿದರು:

"ಅಣ್ಣ, ಒಳಗಿರೋದು ಮರ ಅಲ್ಲ, ಚರ್ಮ. ಈರುಳ್ಳಿ ಸಿಪ್ಪೆಗಿಂತ ತೆಳು. ದಿನಾ ಒಂದೇ ಜಾಗಕ್ಕೆ, ಅದೂ ಪಿಚಕಾರಿ ಥರ ಬಡಿದ್ರೆ ರಕ್ತ ಬರದೆ ಇನ್ನೇನ್ ಬರತ್ತೆ? ಔಷಧಿ ಹೋಗಬೇಕಾದ್ದು ನಡುಗೋಡೆಗಲ್ಲ, ಅದರ ಎದುರಿನ ಗೋಡೆಗೆ, ಕಣ್ಣಿನ ಹೊರತುದಿ ಕಡೆಗೆ. ಬಲಹೊಳ್ಳೆಗೆ ಎಡಗೈ, ಎಡಹೊಳ್ಳೆಗೆ ಬಲಗೈ. ಆಗ ತುದಿ ತಾನಾಗೇ ಹೊರಗಡೆ ತಿರುಗತ್ತೆ."

"ಓರೆಯಾಗಿ ಹೊಡೀಬೇಕಾ?" ಮೇಸ್ತ್ರಿಯ ದನಿಯಲ್ಲಿ ನೋವಿತ್ತು.

"ಓರೆಯಾಗೇ. ಮೊದಲು ಸಿಂಬಳ ತೆಗೆದು ಮೂಗು ಖಾಲಿ ಮಾಡ್ಕೊಳ್ಳಿ. ತಲೆ ಹಿಂದಕ್ಕಲ್ಲ, ಸ್ವಲ್ಪ ಮುಂದಕ್ಕೆ ಬಗ್ಗಿಸಿ, ಬೇಸಿನ್ ನೋಡೋ ಹಾಗೆ. ಒತ್ತುವಾಗ ಮೆತ್ತಗೆ ಉಸಿರು ಎಳ್ಕೊಳ್ಳಿ, ಹೂವಿನ ವಾಸನೆ ನೋಡೋ ಥರ. ಜೋರಾಗಿ ಎಳೆದ್ರೆ ಗಂಟಲಿಗೆ ಹೋಗತ್ತೆ. ಹೊಸ ಬಾಟಲಿ ಆದ್ರೆ, ಇಲ್ಲಾ ಸುಮಾರು ದಿನ ಬಿಟ್ಟು ತೆಗೆದ್ರೆ ಮಾತ್ರ ಗಾಳಿಗೆ ಹೊಡೆದು ನೋಡಿ, ದಿನಾ ಬೇಡ. ತುದಿ ಒರೆಸಿ ಇಡಿ. ಕಟ್ಟಿಕೊಂಡ್ರೆ ಆ ತುದಿಭಾಗ ಬಿಚ್ಚಿ ನೀರಲ್ಲಿ ತೊಳೀರಿ. ಸೂಜಿ ಅದರ ಹತ್ತಿರ ಸುಳೀಬಾರ್ದು. ಸಂಜೆ ಇನ್ನೊಂದು ಸುತ್ತು ಅನ್ನೋದೂ ಬೇಡ, ಹೇಳಿದಷ್ಟೇ."

"ಆದ್ರೆ ಹೊಡೆದ್ರೂ ಸೀನು ನಿಲ್ಲಲಿಲ್ವಲ್ಲ ಸಿಸ್ಟರ್? ಆ ಡ್ರಾಪ್ಸು ತಕ್ಷಣ ಕೆಲಸ ಮಾಡ್ತು."

"ಅದು ತಕ್ಷಣ ಮೂಗು ತೆಗೆಯತ್ತೆ, ಜಾಸ್ತಿ ದಿನ ಹಾಕಿದ್ರೆ ಅದೇ ಮುಚ್ಚತ್ತೆ. ಮುಚ್ಚಿದೆ ತಾನೆ? ಅದನ್ನ ಇವತ್ತೇ ನಿಲ್ಲಿಸಿ. ಈ ಸ್ಪ್ರೇ ಹಾಗಲ್ಲ. ನಿಧಾನ. ದಿನಾ ಹಾಕ್ತಾ ಹಾಕ್ತಾ ಒಳಗಿನ ಊತ ಇಳಿಯತ್ತೆ. ಪೂರ್ತಿ ಗುಣ ಕಾಣೋಕೆ ಒಂದೆರಡು ವಾರ ಹಿಡೀಬಹುದು. ಸೀನು ಬಂದ ದಿನ ಹಾಕಿ, ಬರದ ದಿನ ಬಿಟ್ಟು ಅಂತ ಮಾಡಿದ್ರೆ ಪ್ರಯೋಜನ ಇಲ್ಲ."

"ಮುಖ ಊದಲ್ವಾ?" ಇದನ್ನು ಕೇಳುವಾಗ ಅವನು ಕೆನ್ನೆ ಮುಟ್ಟಿಕೊಂಡ.

"ಹೇಳಿದ ಅಳತೆಯಲ್ಲಿ ಹಾಕಿದ್ರೆ ಮೈಗೆ ಸೇರೋದು ತುಂಬಾ ಕಮ್ಮಿ. ಹಾಗಂತ ನಿಮ್ಮಿಷ್ಟಕ್ಕೆ ವರ್ಷಗಟ್ಟಲೆ ಹಾಕ್ಕೊಂಡಿರೋದಲ್ಲ. ಹಿಡಿತಕ್ಕೆ ಬಂದ ಮೇಲೆ ಡಾಕ್ಟ್ರು ಕಮ್ಮಿ ಮಾಡ್ತಾರೆ. ಬೇರೆ ಸ್ಟಿರಾಯ್ಡ್ ಏನಾದ್ರೂ ತಗೊಳ್ತಿದೀರಾ? ಕಣ್ಣಿನ ಒತ್ತಡ, ಪೊರೆ ಏನಾದ್ರೂ?"

"ಇಲ್ಲ."

"ಇದ್ರೆ ಹೇಳ್ಬೇಕು. ಮತ್ತೆ ರಕ್ತ ಬಂದ್ರೆ, ನೋವಾದ್ರೆ, ಕಣ್ಣು ಮಂಜಾದ್ರೆ ನೀವೇ ಡಾಕ್ಟ್ರಾಗಬೇಡಿ, ಇಲ್ಲಿಗೆ ಬನ್ನಿ. ನಿಮ್ಮ ಬಾಟಲಿ ನಿಮಗೊಬ್ಬರಿಗೇ."

"ಮಗಳಿಗೂ ಸೀನು..." ಎಂದಳು ಹೆಂಡತಿ.

"ಅವಳನ್ನ ಕರ್ಕೊಂಡು ಬನ್ನಿ. ಮಕ್ಕಳ ಅಳತೆ ಬೇರೆ."

ಡಾಕ್ಟರು ತರಚಿದ್ದು ಮಾಯುವವರೆಗೆ ಕೆಲವು ದಿನ ಬರೀ ಉಪ್ಪುನೀರಿನ ಸ್ಪ್ರೇ, ಆಮೇಲೆ ಹೊಸ ಬಾಟಲಿ ಎಂದರು. ಮೇಸ್ತ್ರಿ ದಾರಿಯುದ್ದಕ್ಕೂ ಎಡಗೈ ಬಲಕ್ಕೆ, ಬಲಗೈ ಎಡಕ್ಕೆ ಎಂದು ಗುನುಗುತ್ತ, ನಡುವೆ ತಪ್ಪಿ, ಮತ್ತೆ ಮೊದಲಿನಿಂದ ಹೇಳಿಕೊಳ್ಳುತ್ತ ನಡೆದ. ತಿಳಿದದ್ದೆಲ್ಲ ಸರಿ, ಆದರೂ ಒಂದು ವಿಷಯ ಮನಸ್ಸಿಗೆ ಕೂರಲಿಲ್ಲ. ಕಾಣದ ಗೋಡೆಗೆ, ಕಾಣದ ಕೋಟನ್ನು, ಓರೆಯಾಗಿ ಹೊಡೆದು, ಹೊಳಪು ಬಂತೋ ಇಲ್ಲವೋ ನೋಡದೆ ದಿನವೂ ಸುಮ್ಮನೆ ಮುಂದುವರಿಯಬೇಕು. ಅವನ ಇಡೀ ಕಸುಬಿಗೆ ಇದು ತದ್ವಿರುದ್ಧ.

ಮರುದಿನ ಬೆಳಗ್ಗೆ ಅವನು ಯಜಮಾನರ ಎದುರು ನಿಂತ.

"ಟೇಬಲ್ಲಿನ ಮೇಲ್ಹಲಗೆ ಕೊನೆಗೆ ಮಾಡ್ತೀನಿ ಯಜಮಾನ್ರೇ. ಮೊದಲು ಕಾಲು, ಅಡ್ಡಪಟ್ಟಿ, ಅಡಿಭಾಗ ಎಲ್ಲ ಮುಗೀಲಿ."

"ಯಾವಾಗಲೂ ಮೇಲ್ಹಲಗೆ ಮೊದಲಲ್ವಾ?"

"ಹೌದು. ಈ ಸಲ ಕೊನೆಗೆ. ಮೂಗಿಗೆ ಟೈಮ್ ಬೇಕಂತೆ. ನೀವೇ ಹೇಳ್ತೀರಲ್ಲ, ಪ್ರೈಮರ್ ಒಣಗೋ ಮುಂಚೆ ಮೇಲಿನ ಕೋಟ್ ಹೊಡೀಬೇಡಿ ಅಂತ. ಇದೂ ಹಂಗೇ."

ಯಜಮಾನರು ತಲೆ ಕೆರೆದುಕೊಂಡರು. ಕಾಲಿಗೆ ಬಣ್ಣ ಹೊಡೆಯುವುದಕ್ಕೆ ಗಡಿಬಿಡಿ ಸಾಕು. ಅಲ್ಲಿ ಹೆಬ್ಬೆಟ್ಟು ಬಿದ್ದರೂ ಮೀಟಿಂಗಿಗೆ ಬಂದವರು ಬಗ್ಗಿ ನೋಡುವುದಿಲ್ಲ. "ಸರಿ. ಆದ್ರೆ ಆ ದಿನ ಅವನೂ ಮಾಸ್ಕ್ ಹಾಕ್ಕೊಂಡು ನಿನ್ನ ಪಕ್ಕ ನಿಂತಿರ್ತಾನೆ. ಒಂದು ಸೀನು ಬಂದ್ರೂ ಗನ್ನು ಅವನ ಕೈಗೆ. ಆಮೇಲೆ ನನ್ನ ಮೇಲೆ ಮುನಿಸ್ಕೋಬಾರ್ದು."

ಹನಿ ಹಾಕುವುದನ್ನು ನಿಲ್ಲಿಸಿದ ಮೇಲೆ ಮೂಗು ಕೆಲವು ದಿನ ಕಲ್ಲಾಗಿ ಕೂತಿತು. ಮೇಸ್ತ್ರಿ ಮುಷ್ಟಿ ಬಿಗಿದು ಸಹಿಸಿದ. ಹೊಸ ಬಾಟಲಿ ಬಂದ ಮೇಲೆ ಪ್ರತಿ ಬೆಳಗ್ಗೆ ಬೇಸಿನ್ ನೋಡುತ್ತ, ಕೈ ಅದಲುಬದಲು ಮಾಡಿ, ಹೂವಿನ ವಾಸನೆ ನೋಡುವವನ ಹಾಗೆ ಮೆತ್ತಗೆ ಎಳೆದುಕೊಂಡ. ಮಗಳು ಬಾಗಿಲಲ್ಲಿ ನಿಂತು ಪೊಲೀಸ್ ಕೆಲಸ ಮಾಡುತ್ತಿದ್ದಳು. "ಅಪ್ಪ, ಕೈ ತಪ್ಪು." ಕೈ ಬದಲಿಸುತ್ತಿದ್ದ. ಉಜ್ಜುವ ಕೋಣೆಯ ಬಾಗಿಲು ಯಾವಾಗಲೂ ಮುಚ್ಚಿರಲಿ ಎಂದು ಎಲ್ಲರಿಗೂ ಹೇಳಿಟ್ಟ. ಸೀನು ಕಮ್ಮಿಯಾಯಿತೇ? ಒಂದು ದಿನ ಕಮ್ಮಿ ಅನ್ನಿಸಿತು, ಮರುದಿನ ಸಾಲಾಗಿ ಬಂತು. ಆಮೇಲೆ ಯಾವಾಗಿನಿಂದ ಎಂದು ಅವನಿಗೇ ಗೊತ್ತಾಗದಂತೆ ಮೂಗು ಸದ್ದಡಗಿತು. ಮದ್ದಿಗೋ, ಬಾಗಿಲು ಮುಚ್ಚಿದ್ದಕ್ಕೋ, ಬೆದರಿಕೆಗೋ? ಹೆಂಡತಿಯನ್ನು ಕೇಳಿದರೆ, "ಯಾವುದಕ್ಕಾದ್ರೂ ಆಗ್ಲಿ, ನೀವು ಬಿಡಬೇಡಿ" ಎಂದಳು. ಅತ್ತೆ ಅದು ತಾವು ಕೊಟ್ಟ ಹಬೆಗೆ ಎಂದು ಎದುರುಮನೆಗೆ ಹೇಳಿ ಬಂದಿದ್ದರು.

ಮೇಲ್ಹಲಗೆಯ ದಿನ ಬಂತು. ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿದರು. ಗನ್ನಿಗೆ ಗಾಳಿ ಒದಗಿಸುವ ಕಂಪ್ರೆಸರ್ ಗುಂಯ್ ಎಂದಿತು. ಬಣ್ಣದ ಕೋಣೆಯ ಗಾಜಿನ ಆಚೆ ಯಜಮಾನರು ಕೈಕಟ್ಟಿ ನಿಂತರು. ಮೇಸ್ತ್ರಿ ಮಾಸ್ಕ್ ಬಿಗಿದು, ರಟ್ಟಿನ ಮೇಲೆ ಹೊಡೆದು ನೋಡಿ, ಹಲಗೆಯ ತುದಿಯಿಂದ ಶುರುಮಾಡಿದ. ಕೈ ಒಂದೇ ವೇಗದಲ್ಲಿ ಹೋಯಿತು, ಬಂತು. ಕಪ್ಪು ನೀರು ಹಾಸಿದಂತೆ ಹಲಗೆ ಹಿಂದೆ ಹಿಂದೆ ಹೊಳೆಯುತ್ತ ಹೋಯಿತು.

ಅರ್ಧ ದಾಟಿದಾಗ ಅವನ ಎಡಗಣ್ಣು ಮುಚ್ಚಿಕೊಂಡಿತು.

ಗಾಜಿನ ಆಚೆ ಯಜಮಾನರ ಕಟ್ಟಿದ ಕೈ ಬಿಚ್ಚಿತು. ಗಡಿಬಿಡಿ ಗನ್ನಿಗೆ ಕೈ ಚಾಚಿದ, ಹೆದರಿ ಹಿಂದೆ ತೆಗೆದ. ಮೇಸ್ತ್ರಿ ಒಂದೇ ಕಣ್ಣಿನಲ್ಲಿ ಆ ಗೆರೆಯನ್ನು ಹಲಗೆಯ ಅಂಚಿನವರೆಗೂ ಎಳೆದುಕೊಂಡು ಹೋಗಿ, ಅಂಚು ದಾಟಿದ ಮೇಲೆ ಗನ್ನಿನ ಟ್ರಿಗರ್ ಬಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಸೂರು ನೋಡುತ್ತ ನಿಂತ. ಕಾದ. ಬರಬೇಕಾದದ್ದು ಬರಲಿಲ್ಲ. ಬಸ್ಸು ನಿಲ್ಲುತ್ತದೆಂದು ಕೈ ಅಡ್ಡ ಹಾಕಿದವನ ಎದುರೇ ಬಸ್ಸು ಹಾದುಹೋದಂತೆ, ಏನೋ ಬಂದು ಹೋಯಿತು ಅಷ್ಟೇ. ಎಡಗಣ್ಣು ತೆರೆಯಿತು. ಅವನು ಗಡಿಬಿಡಿಯನ್ನು ನೋಡಿದ, ಗಡಿಬಿಡಿ ಅವನನ್ನು ನೋಡಿದ. ಮೇಸ್ತ್ರಿ ಮತ್ತೆ ಗನ್ನು ಎತ್ತಿ ಉಳಿದರ್ಧ ಮುಗಿಸಿದ.

ಮರುದಿನ ಎಲ್ಲರೂ ಚಹಾ ಹಿಡಿದುಕೊಂಡು ಟೇಬಲ್ ನೋಡಲು ಬಂದರು. ಯಜಮಾನರು ಎದುರಿನಿಂದ ನೋಡಿದರು, ಪಕ್ಕದಿಂದ ನೋಡಿದರು, ಕೆನ್ನೆ ತಗ್ಗಿಸಿ ಬೆಳಕಿಗೆ ನೋಡಿದರು. ಅಂಗಿಯ ಜೇಬಿನಿಂದ ಬಾಚಣಿಗೆ ತೆಗೆದು, ಹಲಗೆಯ ಮೇಲೆ ಬಗ್ಗಿ, ಉಳಿದಿದ್ದ ನಾಲ್ಕು ಕೂದಲನ್ನು ಎಡಕ್ಕೆ ಬಾಚಿಕೊಂಡರು. ಆಮೇಲೆ ಗನ್ನನ್ನು ಗೂಟದಿಂದ ತೆಗೆದು ಮೇಸ್ತ್ರಿಯ ಕೈಗೆ ಕೊಟ್ಟರು.

ಮೇಸ್ತ್ರಿ ಅದನ್ನು ತೆಗೆದುಕೊಳ್ಳುತ್ತಿದ್ದ ಹಾಗೆ ಎಡಗಣ್ಣು ಮುಚ್ಚಿತು, ಗಲ್ಲ ಮೇಲೇರಿತು, ಸೀನು ಬಂತು. ಅಂಗೈಗಳು ಲೋಟಗಳನ್ನು ಮುಚ್ಚಿದವು. ಯಜಮಾನರು ಎರಡೂ ಕೈ ಚಾಚಿ ಟೇಬಲ್ಲಿಗೆ ಅಡ್ಡ ನಿಂತರು.

"ಇದೇನು ಮೇಸ್ತ್ರಿ, ವಾಸಿಯಾಯ್ತೋ ಇಲ್ವೋ?" ಎಂದ ಗಡಿಬಿಡಿ.

"ನಂಗೂ ಗೊತ್ತಾಗ್ತಿಲ್ಲ ಕಣಪ್ಪ," ಎಂದ ಮೇಸ್ತ್ರಿ, ಮೂಗು ಒರೆಸಿಕೊಳ್ಳುತ್ತ. "ಬೆಳಗ್ಗೆ ಹಾಕ್ಕೊಂಡಿದೀನಿ. ನಾಳೇನೂ ಹಾಕ್ಕೊಳ್ತೀನಿ."

ಯಾರೂ ಅಂಗೈ ತೆಗೆಯಲಿಲ್ಲ. ಒಂದರ ಬೆನ್ನಿಗೆ ಬರುವ ಅಣ್ಣತಮ್ಮಂದಿರಿಗಾಗಿ ಅವನೂ ಸೇರಿ ಎಲ್ಲರೂ ಕಾಯುತ್ತ ನಿಂತರು. ಚಹಾ ಆರುತ್ತ ಬಂತು. ಎರಡನೆಯದು ಬರಲಿಲ್ಲ.